ಮರಿಮಲ್ಲಪ್ಪನವರ ಬಾಡಿಗೆ ಮನೆ

ಭಾನುವಾರ ಬೆಳಿಗ್ಗೆ ಮುದ್ದಯ್ಯ ಕೈಚೀಲ ಹಿಡಿದು ಹೊರಟದ್ದನ್ನು ಕಂಡು ಮಗ ಬಾಗಿಲಿಗೆ ಅಡ್ಡ ಬಂದು ನಿಂತ.

“ಎಲ್ಲಿಗಪ್ಪ?”

“ಬಾಡು ತರಕ್ಕೆ ಕಣ್ಲಾ. ಈ ಊರಿಗೆ ಬಂದ ಮ್ಯಾಲೆ ಬಾಯಿ ಕೆಟ್ಟೋಗದೆ.”

“ಮೆತ್ತಗೆ ಮಾತಾಡು. ಗೋಡೆ ಆಚೆಗೇ ಮನೆ ಯಜಮಾನ್ರಿರೋದು.”

“ಗೋಡೆ ಆಚೆ ಅವರಿದ್ರೆ ನಾನೇನು ಕದಿಯಕ್ಕೆ ಓಯ್ತಿದ್ದನಾ?”

“ಈ ಮನೇಲಿ ಬಾಡು ಬೇಯಂಗಿಲ್ಲ ಅಂತ ಬಂದ ದಿವ್ಸಾನೇ ಹೇಳಿದ್ದೆ ತಾನೆ? ಮೊಟ್ಟೆ ಸಿಪ್ಪೆ ಕೂಡ ಆಚೆ ಕಾಣಿಸಬಾರ್ದು.”

ಅಡುಗೆಮನೆಯಿಂದ ಹೆಂಡತಿ ಸುಂದ್ರಮ್ಮ ಕೂಗಿದಳು. “ಬಾ ಒಳೀಕೆ. ಉಳ್ಳಿಕಾಳು ಬಸ್ಸಾರು ಮಾಡ್ತೀನಿ. ಮಗ ನೆಮ್ಮದಿಯಾಗಿರ್ಲಿ ಬುಡು.”

ಮುದ್ದಯ್ಯ ಚೀಲವನ್ನು ಮೊಳೆಗೆ ತಗುಲಿಹಾಕಿ, ಗೋಡೆಗೆ ಒರಗಿ ಕೂತ. ಆ ದಿನ ಎರಡು ಮುದ್ದೆ ಉಣ್ಣುವವನು ಒಂದನ್ನೇ ಉಂಡು ಎದ್ದ.

ಮಗ ಮಲ್ಲಿಕಾರ್ಜುನಸ್ವಾಮಿಗೆ ಆ ಮನೆ ಸಿಕ್ಕಿದ್ದೇ ಹೆಸರಿನಿಂದ. ಚಾಮರಾಜನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಕಚೇರಿಗಳಿಗೆ ಮೈಸೂರು ಕಡೆಯಿಂದ ನೌಕರರು ಬಂದು ತುಂಬಿಕೊಂಡು, ಊರಲ್ಲಿ ಬಾಡಿಗೆ ಮನೆಗೆ ಬರ ಬಂದಿತ್ತು. ಗುಮಾಸ್ತನ ಕೆಲಸ ಸಿಕ್ಕಿದ ಮೇಲೆ ಅವನು ನೋಡಿದ ಮನೆಗಳಲ್ಲೆಲ್ಲ ಮೊದಲು ಊರು ಕೇಳಿದರು, ಆಮೇಲೆ ಬೀದಿ ಕೇಳಿದರು. ಉಮ್ಮತ್ತೂರಿನ ಅಂಬೇಡ್ಕರ್ ಬೀದಿ ಎಂದ ಕೂಡಲೇ ‘ನೆಂಟರು ಬರೋರಿದ್ದಾರೆ’ ಎಂದೋ ‘ಸುಣ್ಣ ಹೊಡೆಸಬೇಕು’ ಎಂದೋ ಬಾಗಿಲು ಮುಚ್ಚಿದರು. ಅರಿಶಿನ ವ್ಯಾಪಾರಿ ಮರಿಮಲ್ಲಪ್ಪನವರು ಮಾತ್ರ ಹೆಸರು, ಊರು ಕೇಳಿ ಅಲ್ಲಿಗೇ ನಿಲ್ಲಿಸಿಬಿಟ್ಟರು.

“ಮಲ್ಲಿಕಾರ್ಜುನಸ್ವಾಮಿ! ಉಮ್ಮತ್ತೂರಾ? ಸರಿ ಬುಡಪ್ಪ, ನಮ್ಮೋರೇ ಆದ್ರಿ.” ಕರಾರು ಬರೆಸಿ, ಬೀಗದ ಕೈ ಅವನ ಅಂಗೈಗಿಟ್ಟರು.

ಹರಕೆ ಹೊತ್ತು ಮೊಮ್ಮಗನಿಗೆ ದೇವರ ಹೆಸರಿಟ್ಟವಳು ಮುದ್ದಯ್ಯನ ತಾಯಿ. ಲಿಂಗಾಯತರ ಮನೆಗಳಲ್ಲೂ ಓಡಾಡುವ ಹೆಸರು ಅದು. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಊಟ ಸರಿಯಿಲ್ಲವೆಂದು ನೂರಾರು ಹುಡುಗರನ್ನು ಕಟ್ಟಿಕೊಂಡು ಡಿ.ಸಿ. ಕಚೇರಿ ಮುಂದೆ ಧರಣಿ ಕೂತಿದ್ದ ಮಲ್ಲಿ, ಮರಿಮಲ್ಲಪ್ಪನವರ ಮಾತಿಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅಪ್ಪ ಅವ್ವನ ಕೂಲಿ ಬಿಡಿಸಬೇಕಿತ್ತು. ತಂಗಿ ಮೀನಾ ದಿನಾ ಬಸ್ಸಿಗೆ ಬಡಿದಾಡಿ ಪಿಯುಸಿಗೆ ಬರುತ್ತಿದ್ದಳು. ಮದುವೆಯಾಗಿ ವರ್ಷವಾದರೂ ಹೆಂಡತಿ ಕುಮಾರಿ ಗುಂಡ್ಲುಪೇಟೆಯ ತವರಿನಲ್ಲೇ ಇದ್ದಳು. ಎಲ್ಲರನ್ನೂ ಒಂದು ಸೂರಿನ ಕೆಳಗೆ ತಂದು, ಕೂರಿಸಿಕೊಂಡು ಹೇಳಿದ: ಈ ಮನೆಯಲ್ಲಿ ಬಾಡು ಬೇಯಬಾರದು. ಕೇರಿಯ ನೆಂಟರು ಯಾರೂ ಇಲ್ಲಿಗೆ ಬರಬಾರದು. ಅಪ್ಪ ದಿನಾ ಹಣೆಗೆ ವಿಭೂತಿ ಇಟ್ಟುಕೊಳ್ಳಬೇಕು.

“ಯಾರಾದ್ರೂ ಬಾಯ್ಬುಟ್ಟು ಕೇಳಿದ್ರೆ?” ಎಂದಿದ್ದಳು ಮೀನಾ.

“ಕೇಳಲ್ಲ.”

“ಕೇಳಿದ್ರೆ?”

“ಕೇಳಲ್ಲ ಅಂದ್ನಲ್ಲ ಕಣಮ್ಮಿ!”

ಸುಂದ್ರಮ್ಮನನ್ನು ಪಕ್ಕದ ಮನೆಗೆ ಮೊದಲು ಕರೆದದ್ದು ಮರಿಮಲ್ಲಪ್ಪನವರ ಹೆಂಡತಿ ಶಾಂತಮಲ್ಲಮ್ಮ. ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿ, ದೊಡ್ಡ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುತ್ತಿದ್ದ ಹೆಂಗಸು. ಮಂಡಿನೋವು ಬೇರೆ. ಸುಂದ್ರಮ್ಮ ಹೊಸ್ತಿಲ ಆಚೆ ನಿಂತಳು. ಸೆರಗು ತಾನಾಗಿ ತಲೆ ಮೇಲೆ ಬಂದಿತ್ತು, ಬೆನ್ನು ತಾನಾಗಿ ಬಗ್ಗಿತ್ತು.

“ಅದ್ಯಾಕೆ ಅಲ್ಲಿ ನಿಂತ್ರಿ ಅಕ್ಕ? ಬನ್ನಿ ಒಳಗೆ.”

“ಇಲ್ಲೇ ಇರ್ಲಿ ಬುಡಿ ಅವ್ವಾರೆ.”

“ಅವ್ವಾರು ಯಾರು ಇಲ್ಲಿ? ನಿಮಗಿಂತ ಚಿಕ್ಕೋಳು ನಾನು.” ಶಾಂತಮಲ್ಲಮ್ಮ ಕೈ ಹಿಡಿದು ಎಳೆದೇ ಬಿಟ್ಟರು. ನಡುಮನೆಯ ಕುರ್ಚಿಯ ತುದಿಯಲ್ಲಿ ಸುಂದ್ರಮ್ಮ ಅರ್ಧ ಕೂತಳು. ಕಾಫಿ ಕುಡಿದು, ಲೋಟ ತೊಳೆದಿಡಲು ಹಿತ್ತಿಲ ಕಡೆ ಹೊರಟಳು.

“ಅಯ್ಯೋ, ನೆಂಟ್ರು ಲೋಟ ತೊಳೀತಾರಾ? ಇಲ್ಲಿಡಿ!”

ಆ ಮಾತು ಸುಂದ್ರಮ್ಮನಿಗೆ ಮೂರು ದಿನ ಕಿವಿಯಲ್ಲೇ ಇತ್ತು. ಉಮ್ಮತ್ತೂರಿನಲ್ಲಿ ಅವಳು ಮದುವೆಯಾಗಿ ಬಂದಾಗಿನಿಂದ ದುಡಿದದ್ದು ಶಿವರುದ್ರಸ್ವಾಮಿಯವರ ಹೊಲದಲ್ಲಿ. ಅವರ ಹಿತ್ತಿಲಲ್ಲಿ ಅವಳದೇ ಒಂದು ತೆಂಗಿನ ಚಿಪ್ಪು ಇತ್ತು. ಅದನ್ನು ತೊಳೆದು ಕವುಚಿಟ್ಟು ಬರುವುದು ಉಸಿರಾಡಿದಷ್ಟೇ ಸಹಜವಾಗಿತ್ತು.

ವಾರ ಕಳೆಯುತ್ತ ಸುಂದ್ರಮ್ಮ ಕುರ್ಚಿಯ ಒಳಕ್ಕೆ ಸರಿದಳು. ಮತ್ತೊಂದು ವಾರಕ್ಕೆ ಬೆನ್ನು ಒರಗಿಸಿದಳು. ಆಮೇಲೆ ಶಾಂತಮಲ್ಲಮ್ಮನ ಅವರೆಕಾಳು ಸಾರಿನಲ್ಲಿ ಕುಂದು ಹುಡುಕತೊಡಗಿದಳು. “ಹುಣಿಸೆಹಣ್ಣು ಜಾಸ್ತಿ ಆಯ್ತು ಕಣಿ. ಕಾಳಿನ ರುಚೀನೇ ಸತ್ತೋಗದೆ.” ಹರಳೆಣ್ಣೆ ಬಿಸಿ ಮಾಡಿಕೊಂಡು ಹೋಗಿ ಆಕೆಯ ಮಂಡಿ ತಿಕ್ಕುವಾಗ, “ಅಳ್ಳಾಡ್ಬೇಡಿ ಅಂದ್ರೆ ಕೇಳಲ್ವಲ್ಲ ನೀವು!” ಎಂದು ಗದರಿಸುವಷ್ಟು ಸಲಿಗೆ ಬೆಳೆಯಿತು. ಒಂದು ದಿನ ಶಾಂತಮಲ್ಲಮ್ಮ, “ಕೊರಳಲ್ಲಿ ಕರಡಿಗೆ ಕಾಣಲ್ಲವಲ್ಲ ಅಕ್ಕ, ಲಿಂಗ ಕಟ್ಟಿಲ್ವಾ?” ಎಂದರು. “ಊರಲ್ಲಿ ಅದೆ” ಎಂದಳು ಸುಂದ್ರಮ್ಮ. ಮನೆಗೆ ಬಂದು ಸೊಸೆಯ ಮುಂದೆ, “ಇವತ್ತು ಬಾಯ್ತುಂಬ ಸುಳ್ಳಾಡ್ಬುಟ್ಟೆ ಕಣವ್ವ” ಎಂದು ಪೆಚ್ಚಾದಳು.

ಮನೆಯಲ್ಲೂ ಅವಳ ದನಿ ಬದಲಾಗಿತ್ತು. ಹಿಂದೆ ಗಂಡನ ಕೈಗೆ ಚೊಂಬು ಕೊಟ್ಟು ಕಾಯುತ್ತಿದ್ದವಳು ಈಗ, “ಕುಂತಿದ್ದೀಯಲ್ಲ, ಎದ್ದು ಎಲ್ಡು ಬಿಂದಿಗೆ ನೀರು ಹಿಡಿ. ಸೊಸೆ ಒಬ್ಳೇ ಎಷ್ಟು ಅಂತ ಹೊತ್ತಾಳು?” ಎನ್ನುವಳು.

“ಏನಮ್ಮಿ ನಿನ್ ಜೋರು!” ಎಂದು ಮುದ್ದಯ್ಯ ಬೆರಗಾದರೂ ಎದ್ದು ನೀರು ಹಿಡಿಯುವನು.

ಅವನೂ ಮೊದಲಿನ ಮುದ್ದಯ್ಯನಾಗಿ ಉಳಿದಿರಲಿಲ್ಲ. ಹಣೆಯ ವಿಭೂತಿ, ಮಗ ಕೊಡಿಸಿದ ಬಿಳಿ ಪಂಚೆ, ಹೆಗಲ ಮೇಲಿನ ಟವಲು. ಬೆಳಿಗ್ಗೆ ಮರಿಮಲ್ಲಪ್ಪನವರು ಜಗಲಿ ಮೇಲೆ ಪೇಪರು ಹಿಡಿದು ಕೂತರೆ, “ಬನ್ನಿ ಯಜಮಾನ್ರೇ” ಎಂದು ಪಕ್ಕದಲ್ಲಿ ಜಾಗ ಬಿಡುವರು. ಅವರು ಗಟ್ಟಿಯಾಗಿ ಓದುವುದು, ಇವನು ಕೇಳಿ ತಲೆದೂಗುವುದು. ಊರಿನಲ್ಲಿ ಗೌಡರೋ ಸ್ವಾಮಿಯೋರೋ ಎದುರಾದರೆ ಸೊಂಟಕ್ಕೆ ಇಳಿಯುತ್ತಿದ್ದ ಟವಲು ಈಗ ಹೆಗಲು ಬಿಡುತ್ತಿರಲಿಲ್ಲ. ಕೂಲಿಯವರು ಮೊದಲಿನಂತೆ ಬಗ್ಗುವುದಿಲ್ಲ ಎಂದು ಮರಿಮಲ್ಲಪ್ಪನವರು ಗೊಣಗಿದರೆ ಮುದ್ದಯ್ಯ, “ಊಂ, ಈಗ್ಲೋರಿಗೆ ಮೈಗಳ್ಳತನ ಜಾಸ್ತಿ” ಎಂದುಬಿಡುವನು. ಹೋದ ವರ್ಷದ ಸುಗ್ಗಿಯವರೆಗೂ ಅವನೇ ಕೂಲಿಯಾಗಿದ್ದ. ಕಿಟಕಿಯಲ್ಲಿ ಓದುತ್ತ ಕೂತಿದ್ದ ಮೀನಾ ಆ ಮಾತಿಗೆ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅವನು ನೋಡಲಿಲ್ಲ.

ಫೆಬ್ರವರಿಯಲ್ಲಿ ಚುನಾವಣೆ ಕೆಲಸಕ್ಕೆಂದು ಮಲ್ಲಿಯನ್ನು ಗುಂಡ್ಲುಪೇಟೆಗೆ ಹಾಕಿದರು. ಸೋಮವಾರ ಬಸ್ಸು ಹತ್ತಿದರೆ ಶನಿವಾರ ಸಂಜೆ ವಾಪಸು. ಚುನಾವಣೆ ಮುಗಿದ ಮೇಲೂ ಅಲ್ಲಿಯ ಕಚೇರಿಯವರು ಅವನನ್ನು ಬಿಡಲಿಲ್ಲ. ನೀಲಕಂಠಸ್ವಾಮಿ ಎಂಬ ಸಹೋದ್ಯೋಗಿಯ ರೂಮಿನಲ್ಲಿ ಉಳಿದುಕೊಂಡಿದ್ದ. ಅವನು ಲಿಂಗಾಯತರ ಹುಡುಗ, ಮನೆಯವರಿಗೆ ಹೇಳದೆ ಕೋಳಿ ತಿನ್ನುತ್ತಿದ್ದ. ಇಬ್ಬರೂ ದಿನಾ ಹೆದ್ದಾರಿ ಪಕ್ಕದ ಮಲಯಾಳಿ ಹೋಟೆಲಿನಲ್ಲಿ, ಲಾರಿ ಡ್ರೈವರುಗಳ ನಡುವೆ ಕೂತು ಪರೋಟ, ಕೋಳಿಸಾರು ಹೊಡೆಯುವರು.

ಆ ಸುದ್ದಿ ತಂದವಳು ಕುಮಾರಿ. ಅಣ್ಣನ ಮಗುವಿನ ನಾಮಕರಣಕ್ಕೆ ತವರಿಗೆ ಹೋಗಿ ಬಂದವಳು ಶನಿವಾರ ಊಟಕ್ಕೆ ಬಡಿಸುತ್ತ ಎಲ್ಲರ ಮುಂದೆಯೇ ಕೇಳಿದಳು.

“ಸೊಪ್ಪಿನ ಸಾರು ಇಳೀತದಾ ಗಂಟಲಲ್ಲಿ? ಪರೋಟ, ಕೋಳಿ ತಿಂದು ಅಭ್ಯಾಸ ಆಗದೆ ಅಂತ ನಮ್ಮಣ್ಣ ಹೇಳ್ದ.”

ಮಲ್ಲಿಯ ಕೈ ತಟ್ಟೆಯಲ್ಲೇ ನಿಂತಿತು. ಮುದ್ದಯ್ಯ ತುತ್ತು ಬಿಟ್ಟು ಮಗನನ್ನು ನೋಡಿದ.

“ಏನ್ಲಾ ಇದು?”

“ಹೋಟೆಲೂಟ ಅಪ್ಪ. ಅಲ್ಲಿ ಬೇರೆ ಏನು ಸಿಗುತ್ತೆ?”

“ಪಕ್ಕದಲ್ಲೇ ನಮ್ಮ ತವರು ಮನೆ ಅದೆ” ಎಂದಳು ಕುಮಾರಿ. “ಅಲ್ಲಿ ಮುದ್ದೆ ಸಿಗ್ತಿರಲಿಲ್ವಾ? ನಮ್ಮ ಕೇರಿಗೆ ಕಾಲಿಟ್ರೆ ಆಫೀಸಿನೋರು ನೋಡ್ಬುಡ್ತಾರೆ ಅಂತ ಭಯ, ಅಲ್ವಾ?”

“ನಿನಗೆ ಗೊತ್ತಾಗಲ್ಲ, ಸುಮ್ನಿರು.”

“ನಾಮಕರಣಕ್ಕೂ ಬರಲಿಲ್ಲ ನೀವು. ಈ ಮನೆಗೆ ಬರಂಗಿಲ್ಲವಲ್ಲ, ನಿಮ್ಮನ್ನ ಕರೆಯಕ್ಕೆ ನಮ್ಮಪ್ಪ ಬಸ್‌ಸ್ಟ್ಯಾಂಡಿಗೆ ಬಂದು ಕಾದು ಕಾದು ಹೋದ್ರು. ಏನಂತ ಹೇಳ್ಲಿ ನಾನು ಅವ್ರಿಗೆ?”

ಮುದ್ದಯ್ಯ ತಟ್ಟೆಯಲ್ಲೇ ಕೈ ತೊಳೆದು ಎದ್ದ. “ನೀ ಅಲ್ಲಿ ಕ್ವಾಳಿ ತಿನ್ನು, ನಾನಿಲ್ಲಿ ಇಬೂತಿ ಬಳ್ಕತೀನಿ. ಒಳ್ಳೇ ಸಂಸಾರ!”

ಮಾರ್ಚಿ ಕೊನೆಗೆ ಬೇಯಿಸಿ ಒಣಗಿಸಿದ ಅರಿಶಿನದ ಮೂಟೆಗಳು ಬರತೊಡಗಿದವು. ಮರಿಮಲ್ಲಪ್ಪನವರ ಮನೆ ಮುಂದಿನ ಕೊಟ್ಟಿಗೆಯೇ ಅವರ ಉಗ್ರಾಣ. ಗುರುವಾರ ಮಧ್ಯಾಹ್ನ ಲಾರಿ ಬಂದು ನಿಂತಿತು. ಮೂಟೆ ಇಳಿಸಲು ಬಂದ ಕೂಲಿಯವರಲ್ಲಿ ಸುಂದ್ರಮ್ಮನ ಒಡಹುಟ್ಟಿದ ತಮ್ಮ ಮಾದಣ್ಣನೂ ಇದ್ದ. ಅಕ್ಕ ಪೇಟೆಯಲ್ಲಿ ಮನೆ ಮಾಡಿರುವುದು ಅವನಿಗೆ ಗೊತ್ತಿತ್ತು. ಯಾವ ಬೀದಿ ಎಂದು ಮಲ್ಲಿ ಹೇಳಿರಲಿಲ್ಲ.

ಮೂಟೆ ಬೆನ್ನ ಮೇಲೆ ಹೊತ್ತು ಬಂದ ಮಾದಣ್ಣ ಜಗಲಿಯ ಮೇಲಿದ್ದ ಭಾವನನ್ನು ಕಂಡ. ಬಿಳಿ ಪಂಚೆ, ವಿಭೂತಿ, ಪಕ್ಕದಲ್ಲಿ ಮರಿಮಲ್ಲಪ್ಪನವರು. ಮುದ್ದಯ್ಯನೂ ಅವನನ್ನು ಕಂಡ. ಕಂಡವನು ಪೇಪರಿನ ಕಡೆ ಮುಖ ತಿರುಗಿಸಿದ. ಅವನಿಗೆ ಓದಲು ಬರುತ್ತಿರಲಿಲ್ಲ.

ಮಾದಣ್ಣನಿಗೆ ಅರ್ಥವಾಯಿತು. ಅವನೂ ತಲೆ ತಗ್ಗಿಸಿದ. ಆಮೇಲೆ ಮೂಟೆ ಹೊತ್ತು ಬಂದಾಗಲೆಲ್ಲ ಜಗಲಿಯ ಕಡೆ ಕಣ್ಣು ಹಾಯಿಸದೆ ನಡೆದ.

ಕೆಲಸ ಮುಗಿದು ಕೂಲಿಯವರು ನೀರು ಕೇಳಿದರು. ಶಾಂತಮಲ್ಲಮ್ಮ ಚೊಂಬು ತಂದರು. ಒಬ್ಬೊಬ್ಬರಾಗಿ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಬೊಗಸೆ ಒಡ್ಡಿದರು. ಶಾಂತಮಲ್ಲಮ್ಮ ಎತ್ತರದಿಂದ ಸುರಿದರು. ಮಾದಣ್ಣನ ಸರದಿ ಬಂತು. ಅವನ ಮೊಣಕೈಯಿಂದ ಅರಿಶಿನದ ನೀರು ತೊಟ್ಟಿಕ್ಕುತ್ತಿತ್ತು. ಮುದ್ದಯ್ಯ ಜಗಲಿಯ ಮೇಲೆ ಅಲ್ಲಾಡದೆ ಕೂತಿದ್ದ. ಸುಂದ್ರಮ್ಮ ತನ್ನ ಮನೆಯ ಬಾಗಿಲಲ್ಲಿ ನಿಂತು, ಸೆರಗಿನ ತುದಿ ಕಚ್ಚಿಕೊಂಡು ತಮ್ಮನ ಬೊಗಸೆಯನ್ನೇ ನೋಡುತ್ತಿದ್ದಳು.

ಮೀನಾ ಕಾಲೇಜಿನಿಂದ ಆಗ ತಾನೆ ಬಂದಿದ್ದಳು. ಪುಸ್ತಕ ಒಳಗಿಟ್ಟು, ತಾವು ಕುಡಿಯುವ ಸ್ಟೀಲು ಲೋಟದಲ್ಲಿ ನೀರು ತುಂಬಿಕೊಂಡು ಅಂಗಳಕ್ಕೆ ಬಂದಳು.

“ಏಳು ಮಾವ. ಲೋಟದಲ್ಲಿ ಕುಡಿ.”

ಮಾದಣ್ಣ ಗಾಬರಿಯಾದ. “ಯಾರವ್ವ ನೀನು? ನನ್ಗೆ ಗೊತ್ತಿಲ್ಲ” ಎಂದ. ಕಣ್ಣಲ್ಲೇ ‘ಒಳೀಕೆ ಓಗು’ ಎಂದು ಬೇಡಿದ.

“ನಿನ್ನ ಅಕ್ಕನ ಮಗಳು ಕಣ ಮಾವ, ಮೀನಾ. ಅಗೋ ಅಲ್ಲಿ ನಿಂತವ್ಳೆ ನಿನ್ನಕ್ಕ. ಜಗಲಿ ಮೇಲೆ ಕುಂತಿರೋರು ನಿನ್ನ ಭಾವ.”

ಮರಿಮಲ್ಲಪ್ಪನವರು ಪೇಪರು ಮಡಿಸಿದರು. “ಏನಂದ್ಲು ಈ ಹುಡುಗಿ?”

ಅವರು ಮುದ್ದಯ್ಯನ ಕಡೆ ತಿರುಗಿದರು. “ಯಜಮಾನ್ರೇ, ಇವನು ನಿಮ್ಮ ಭಾವಮೈದನಾ? ಬಾಯಿ ಬಿಡಿ.”

ಮುದ್ದಯ್ಯನ ಟವಲು ಹೆಗಲಿಂದ ಜಾರಿ ಸೊಂಟಕ್ಕೆ ಬಂದಿತ್ತು. ಅವನು ಎದ್ದು, ಜಗಲಿಯಿಂದ ಇಳಿದು, ಯಾರ ಮುಖವನ್ನೂ ನೋಡದೆ ಒಳಗೆ ಹೋದ. ಶಾಂತಮಲ್ಲಮ್ಮ ಚೊಂಬು ಹಿಡಿದುಕೊಂಡೇ ಸುಂದ್ರಮ್ಮನ ಕಡೆ ಒಮ್ಮೆ ನೋಡಿ ಬಾಗಿಲು ಹಾಕಿಕೊಂಡರು.

ಸಂಜೆ ಆಳು ಹೆಂಗಸು ಬಂದು ಜಗಲಿಗೆ ಕೊಡಗಟ್ಟಲೆ ನೀರು ಸುರಿದು ಪೊರಕೆಯಿಂದ ಉಜ್ಜಿ ತೊಳೆದಳು. ಆ ಸದ್ದು ಒಳಗೆ ಎಲ್ಲರಿಗೂ ಕೇಳುತ್ತಿತ್ತು.

“ನಾನೇ ಮೊದ್ಲು ಮೊಕ ತಿರುಗಿಸಿದ್ದು” ಎಂದ ಮುದ್ದಯ್ಯ. “ಅವನಲ್ಲ. ನಾನೇ.”

ಶನಿವಾರ ಮಲ್ಲಿ ಬಸ್ಸಿಳಿದು ಬರುವಾಗಲೇ ಮರಿಮಲ್ಲಪ್ಪನವರು ಬೀದಿಯಲ್ಲಿ ತಡೆದು ನಿಲ್ಲಿಸಿದ್ದರು. ತಿಂಗಳೊಳಗೆ ಮನೆ ಖಾಲಿಯಾಗಬೇಕು. ಅವನು ಒಳಗೆ ಬಂದವನೇ ತಂಗಿಯ ಮೇಲೆ ಹರಿಹಾಯ್ದ.

“ಬಾಯಿ ಮುಚ್ಕೊಂಡಿರಕ್ಕೆ ಆಗಲಿಲ್ವಾ ನಿಂಗೆ? ಇನ್ನೆಲ್ಲಿ ತರ್ಲಿ ಮನೆಯ?”

“ನನ್ನ ಮಾವ ಬೊಗಸೇಲಿ ಕುಡೀತಿದ್ರೆ ನಾನು ನೋಡ್ತಾ ನಿಂತಿರ್ಬೇಕಿತ್ತಾ?”

“ಒಂದು ಲೋಟ ನೀರಿಗೆ ಇಡೀ ಮನೇನ ಬೀದಿಗೆ ತಂದೆ!”

“ಹಾಸ್ಟೆಲಲ್ಲಿ ಧರಣಿ ಕೂತಿದ್ದೋನು ನೀನೇನಾ ಅಣ್ಣ? ಆ ಫೋಟೋ ಇರೋ ಪೇಪರ ನಾನು ಶಾಲೇಲಿ ಎಲ್ರಿಗೂ ತೋರಿಸ್ಕೊಂಡು ಬಂದಿದ್ದೆ.”

“ಆಗ ಇನ್ನೂರು ಜನ ಇದ್ರು ನನ್ ಸುತ್ತ. ಈಗ ನಾನೊಬ್ಬ. ಕೆಲಸ ಇನ್ನೂ ಖಾಯಂ ಆಗಿಲ್ಲ. ಮರಿಮಲ್ಲಪ್ಪನ ನೆಂಟರು ಜಿಲ್ಲಾ ಪಂಚಾಯ್ತೀಲಿ ಅವ್ರೆ. ಗಲಾಟೆ ಬೇಡ. ನಾಳೆ ಬೇರೆ ಮನೆ ನೋಡ್ತೀನಿ.”

“ಅಲ್ಲೂ ಬರೀ ಹೆಸರು ಹೇಳ್ತೀರಾ?” ಎಂದಳು ಕುಮಾರಿ. “ಅಲ್ಲೂ ನಾನು ಸೊಪ್ಪು ಬೇಯಿಸ್ಕಂಡು ಕುಂತಿರ್ಬೇಕಾ? ನಮ್ಮಪ್ಪ ಅಲ್ಲೂ ಬಸ್‌ಸ್ಟ್ಯಾಂಡಿಂದ್ಲೇ ವಾಪಸು ಓಗ್ಬೇಕಾ?”

ಮೂಲೆಯಲ್ಲಿ ರಾಗಿ ಕೇರುತ್ತಿದ್ದ ಸುಂದ್ರಮ್ಮ ಮೊರ ಕೆಳಗಿಟ್ಟಳು.

“ನಾನು ಈ ಮನೆ ಬುಟ್ಟು ಓಗಲ್ಲ ಕಣ.”

“ಅವ್ವ, ನಿಂಗೆ ಇದೆಲ್ಲ...”

“ನಂಗೊಂದೂ ಗೊತ್ತಾಗಲ್ಲ ಅಂತೀಯ. ಸರಿ. ಗೊತ್ತಿರೋದ ಹೇಳ್ತೀನಿ, ಕೇಳು. ಸಿವರುದ್ರಸ್ವಾಮೇರ ಹಿತ್ಲಲ್ಲಿ ನನ್ ವಯಸ್ಸೆಲ್ಲ ನಿಂತೇ ಕಳೆದೆ. ಯಾರೂ ಕೂತ್ಕ ಅನ್ನಲಿಲ್ಲ, ನಂಗೂ ಕೂತ್ಕಬೇಕು ಅನ್ನಿಸಲಿಲ್ಲ. ನನ್ ಹಣೇಬರ ಅಂದ್ಕಂಡಿದ್ದೆ. ಇಲ್ಲಿ ಆಯಮ್ಮ ಕೂತ್ಕ ಅಂದ್ಲು. ಕೂತ್ಕಂಡೆ. ನನ್ ಮೈಯೇನಾರ ಬ್ಯಾರೆ ಆಯ್ತಾ? ಅದೇ ಸೀರೆ, ಅದೇ ಕೈಕಾಲು. ಹಂಗಾದ್ರೆ ಅಲ್ಲೀಗಂಟ ನಿಲ್ಲಿಸಿದ್ದು ಹಣೇಬರ ಅಲ್ಲ, ಜನ. ಈಗ ಏಳು ಅಂದ್ರೆ ನನ್ ಕೈಲಿ ಏಳಕ್ಕಾಗಲ್ಲ.”

ಮನೆಯಲ್ಲಿ ಯಾರೂ ಅವಳು ಅಷ್ಟು ಮಾತಾಡಿದ್ದನ್ನು ಕೇಳಿರಲಿಲ್ಲ. ಮಲ್ಲಿ ಮಾತ್ರ, “ನೀವೆಲ್ಲ ಮಾತಾಡ್ತೀರಿ. ಸೋಮವಾರ ಕಚೇರೀಲಿ ತಲೆ ಎತ್ತಬೇಕಾದೋನು ನಾನು” ಎಂದು ಎದ್ದು ಹೋದ.

ಮಾರನೆಯ ಬೆಳಿಗ್ಗೆ ಅವನು ಮನೆ ಹುಡುಕಲು ಹೊರಟ. ಅವನ ಹಿಂದೆಯೇ ಮುದ್ದಯ್ಯ ಮೊಳೆಯಲ್ಲಿದ್ದ ಚೀಲ ತೆಗೆದುಕೊಂಡ. ವಿಭೂತಿ ಇಟ್ಟುಕೊಳ್ಳಲಿಲ್ಲ. ನೇರ ಅರಿಶಿನದ ಮಂಡಿಗೆ ನಡೆದ. ಕೂಲಿಗಾಗಿ ಕಾಯುವವರ ನಡುವೆ ಮಾದಣ್ಣ ಬೀಡಿ ಸೇದುತ್ತ ಕೂತಿದ್ದ.

“ಏಳ್ಲಾ, ಮನೆಗೆ ನಡಿ. ಉಣ್ಣುವಂತೆ.”

“ಬ್ಯಾಡ ಭಾವ. ನನ್ನಿಂದ ಆಗಿರೋದೇ ಸಾಕು. ನಿಮ್ಮ ಮನೆ ಓಯ್ತದೆ.”

“ಓದ್ರೆ ಓಗ್ಲಿ. ನಾ ಮೊಕ ತಿರುಗಿಸಿದ್ನಲ್ಲ, ನೀ ಯಾಕ್ಲಾ ಬೈಲಿಲ್ಲ ನನ್ನ?”

“ಬೈಯಕ್ಕೇನದೆ? ಎಷ್ಟು ಚೆಂದಾಗಿ ಕುಂತಿದ್ದೆ ನೀನು ಅಲ್ಲಿ. ಎಬ್ಬಿಸಕ್ಕೆ ಮನಸು ಬರಲಿಲ್ಲ.”

ಮುದ್ದಯ್ಯ ಅವನ ರಟ್ಟೆ ಹಿಡಿದು ಎಬ್ಬಿಸಿದ. ದಾರಿಯಲ್ಲಿ ಕುರಿ ಬಾಡು ಕಟ್ಟಿಸಿಕೊಂಡ. ಮರಿಮಲ್ಲಪ್ಪನವರ ಜಗಲಿಯ ಮುಂದಿನಿಂದಲೇ, ಚೀಲ ಕೈಯಲ್ಲಿ ತೂಗಾಡಿಸುತ್ತ, ಭಾವಮೈದನನ್ನು ಕರೆದುಕೊಂಡು ತನ್ನ ಮನೆಯ ಬಾಗಿಲಿಗೆ ಬಂದ.

“ಬಾಡು ತಂದಿವ್ನಿ ಕಣಮ್ಮಿ. ಖಾರ ಅರಿ.”

ಸುಂದ್ರಮ್ಮ ತಮ್ಮನನ್ನು ನೋಡಿದಳು. ಕೆನ್ನೆಗೆ ಒಂದು ಏಟು ಕೊಟ್ಟು, “ಎಷ್ಟು ಸೊರಗೋಗಿದ್ದೀಯಲ್ಲೋ” ಎಂದು ಅತ್ತಳು. ಕುಮಾರಿ ಕಿಟಕಿಗಳನ್ನೆಲ್ಲ ತೆಗೆದಿಟ್ಟು ಮಸಾಲೆ ಹುರಿದಳು. ಒಗ್ಗರಣೆಯ ವಾಸನೆ ಬೀದಿಯ ತುದಿಯವರೆಗೂ ಹೋಯಿತು.

ಮುಂದಿನ ಪಡಸಾಲೆಯಲ್ಲಿ ಚಾಪೆ ಹಾಸಿ ಬಡಿಸುವ ಹೊತ್ತಿಗೆ ಮರಿಮಲ್ಲಪ್ಪನವರು ತಮ್ಮ ಷಡ್ಡಕ ಶಂಭುಲಿಂಗಪ್ಪನವರನ್ನು ಕರೆದುಕೊಂಡು ಬಂದರು. ಊರಿನ ನಾಲ್ಕು ಪಂಚಾಯ್ತಿ ಮಾಡುವ ಮನುಷ್ಯ. ಅಂಗಳದಲ್ಲೇ ನಿಂತು ಜೋರು ಮಾಡಿದರು.

“ಏನಯ್ಯ, ಜಾತಿ ಮುಚ್ಚಿಟ್ಟು ಮನೆ ಸೇರ್ಕೊಂಡಿದ್ದಲ್ದೆ ದೊಡ್ಡಸ್ತಿಕೆ ಬೇರೆ! ಯಾರಯ್ಯ ಇಲ್ಲಿ ಯಜಮಾನ?”

ಮುದ್ದಯ್ಯ ಎದ್ದೇಳಲು ನೆಲಕ್ಕೆ ಕೈಯೂರಿದ. ಸುಂದ್ರಮ್ಮ ಮುದ್ದೆಯ ತಟ್ಟೆ ಹಿಡಿದುಕೊಂಡೇ, “ಉಣ್ಣೋವಾಗ ಏಳ್ಬ್ಯಾಡ, ಕೂತ್ಕ” ಎಂದಳು. ಅವನು ಕೂತ.

ಅಷ್ಟರಲ್ಲಿ ಮಲ್ಲಿ ಬಂದ. ರೈಲು ನಿಲ್ದಾಣದ ಹತ್ತಿರ ಅವನಿಗೆ ಮನೆಯೊಂದು ಸಿಕ್ಕಿತ್ತು. ಅಲ್ಲಿಯ ಮುದುಕರೂ ಹೆಸರು ಕೇಳಿ, “ನಮ್ಮ ಪೈಕಿ ಅಲ್ವೇನಪ್ಪ?” ಎಂದಿದ್ದರು. ಅವನು ಅಲ್ಲೂ ಸುಮ್ಮನಿದ್ದು, ಸಂಜೆ ಮುಂಗಡ ತರುತ್ತೇನೆಂದು ಹೇಳಿ ಬಂದಿದ್ದ. ದಾರಿಯುದ್ದಕ್ಕೂ ಕುಮಾರಿಯ ಮಾತು ಬೆನ್ನಿಗೆ ಬಿದ್ದಿತ್ತು. ಈಗ ಅಂಗಳದಲ್ಲಿ ನಿಂತು ಅಪ್ಪನ ಬರಿಯ ಹಣೆ ನೋಡಿದ, ಪಕ್ಕದಲ್ಲಿ ಅರಿಶಿನ ಹತ್ತಿದ ಅಂಗಿಯ ಮಾವನನ್ನು ನೋಡಿದ.

“ಬಂದೆಯಾ? ಓದಿದೋನು ನೀನು, ನೀನೇ ಹೇಳು” ಎಂದರು ಶಂಭುಲಿಂಗಪ್ಪನವರು. “ಮೋಸ ಅಲ್ವಾ ಇದು?”

“ಮೋಸಾನೇ ಸಾರ್. ಮಾಡಿದ್ದು ನಾನು. ಇವರ್ಯಾರೂ ಅಲ್ಲ.” ಅವನು ಮರಿಮಲ್ಲಪ್ಪನವರ ಕಡೆ ಕೈ ತೋರಿಸಿದ. “ಇವರು ನಮ್ಮೋರೇ ಅಂದಾಗ ಬಾಯಿ ಬಿಡಲಿಲ್ಲ. ಈಗ ಹೇಳ್ತೀನಿ. ನಾವು ಎಸ್ಸಿಗಳು. ಇವನು ನನ್ನ ಸೋದರಮಾವ. ಅಲ್ಲಿ ಬೇಯ್ತಿರೋದು ಕುರಿ ಬಾಡು. ಬಾಡಿಗೆ ಒಂದು ದಿನ ತಡ ಆಗಿಲ್ಲ. ಕರಾರು ಹನ್ನೊಂದು ತಿಂಗಳಿಗಿದೆ, ಅಲ್ಲೀತನಕ ಇರ್ತೀವಿ. ಕೋರ್ಟಿಗೆ ಹೋಗೋದಾದ್ರೆ ಹೋಗಿ. ಯಾವ ಕಾರಣಕ್ಕೆ ಬಿಡಿಸ್ತಿದ್ದೀವಿ ಅಂತ ಅಲ್ಲಿ ಬರಕೊಡಿ. ಅದನ್ನ ಕಣ್ಣಲ್ಲಿ ನೋಡಬೇಕು ನಾನು.”

“ಹೊಸ ಕೆಲಸ ಕಣಯ್ಯ ನಿಂದು. ಗೊತ್ತಿರ್ಲಿ.”

“ಗೊತ್ತಿದೆ ಸಾರ್. ಅದಕ್ಕೇ ಇಷ್ಟು ದಿನ ಹೆದರಿದ್ದೆ.”

ಚಪ್ಪಲಿ ಬಿಟ್ಟು ಒಳಗೆ ಬಂದು ಮಾದಣ್ಣನ ಪಕ್ಕದಲ್ಲಿ ಕೂತ. ಕುಮಾರಿ ಅವನ ಮುಂದೆ ತಟ್ಟೆಯಿಟ್ಟಳು. ಅವನು ತಲೆ ಎತ್ತದೆ, “ಮುಂದಿನ ವಾರದಿಂದ ನಿಮ್ಮ ಮನೇಲೇ ಉಳ್ಕತೀನಿ. ನಿಮ್ಮಪ್ಪಂಗೆ ಹೇಳು” ಎಂದ.

“ನೀವೇ ಹೇಳಿ” ಎಂದಳು ಕುಮಾರಿ, ಆದರೆ ಅವನಿಗೆ ನಲ್ಲಿಮೂಳೆ ಹುಡುಕಿ ಹಾಕಿದಳು.

ಶಂಭುಲಿಂಗಪ್ಪನವರು ಬೈಯುತ್ತ ಹೋದರು. ಷಡ್ಡಕನ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕಾಗಿದ್ದ ಮರಿಮಲ್ಲಪ್ಪನವರು, “ಮನೆ ಕರಾರಲ್ಲಿದೆ, ನಲ್ಲಿ ಕರಾರಲ್ಲಿಲ್ಲ” ಎಂದು ಕೂಗಿ, ಅಂಗಳದ ನಲ್ಲಿಗೆ ಅಂದೇ ಬೀಗ ಹಾಕಿಸಿದರು.

ಕಷ್ಟದ ದಿನಗಳು ಶುರುವಾದವು. ದಿನ ಬಿಟ್ಟು ದಿನ ಬೀದಿ ನಲ್ಲಿಗೆ ನೀರು ಬರುತ್ತಿತ್ತು. ಸುದ್ದಿ ಬೀದಿಯೆಲ್ಲ ಹರಡಿದ್ದರಿಂದ ಅಲ್ಲಿಯ ಹೆಂಗಸರು, “ನಮ್ಮದೆಲ್ಲ ಆಗ್ಲಿ, ಆಮೇಲೆ ನೀವು ಹಿಡ್ಕಳಿ” ಎಂದು ಸುಂದ್ರಮ್ಮನ ಬಿಂದಿಗೆಯನ್ನು ಆಚೆ ಸರಿಸುವರು. ಎಷ್ಟೋ ದಿನ ಅವಳ ಸರದಿ ಬರುವ ಹೊತ್ತಿಗೆ ನೀರು ನಿಂತುಹೋಗುತ್ತಿತ್ತು. ಕುಮಾರಿ ಎರಡು ಬೀದಿ ಆಚೆಯ ಬೋರ್‌ವೆಲ್ಲಿನಿಂದ ಹೊತ್ತು ತಂದಳು. ಮುದ್ದಯ್ಯನೂ ಹೊತ್ತ. ಮೀನಾ ಪರೀಕ್ಷೆ ಬರೆದಳು. ಮಲ್ಲಿ ಗುಂಡ್ಲುಪೇಟೆಯಲ್ಲಿ ಮಾವನ ಮನೆಯಿಂದ ಕಚೇರಿಗೆ ಹೋಗತೊಡಗಿದ. ನೀಲಕಂಠಸ್ವಾಮಿ ಒಂದೆರಡು ದಿನ ಮಾತು ಬಿಟ್ಟಿದ್ದು, ಮೂರನೆಯ ದಿನ ತಾನಾಗಿ ಬಂದು ಪರೋಟ ತಿನ್ನಲು ಕರೆದ. ಇನ್ನಿಬ್ಬರು ಸಹೋದ್ಯೋಗಿಗಳು ಟೀಗೆ ಕರೆಯುವುದನ್ನು ನಿಲ್ಲಿಸಿಯೇಬಿಟ್ಟರು.

ಬೇಸಗೆ ಬಲಿತ ಒಂದು ಮಧ್ಯಾಹ್ನ ಸುಂದ್ರಮ್ಮ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಗೋಡೆಯ ಆಚೆಯಿಂದ ಪಿಸುದನಿ ಬಂತು.

“ಅಕ್ಕ... ಅಕ್ಕಾ...”

ಶಾಂತಮಲ್ಲಮ್ಮ ಗೋಡೆ ಹಿಡಿದು ನಿಂತಿದ್ದರು. ಮುಖ ಬಾಡಿತ್ತು.

“ಮಂಡಿ ಊದ್ಕೊಂಡು ಎದ್ದು ಕೂರಕ್ಕಾಗ್ತಿಲ್ಲ ಅಕ್ಕ. ಡಾಕ್ಟ್ರ ಗುಳಿಗೆ ಕೇಳ್ತಿಲ್ಲ. ನಿಮ್ಮ ಕೈ ಬಿದ್ರೆ ಆಗುತ್ತೆ.”

ಸುಂದ್ರಮ್ಮ ಹಿಂಡಿದ ಸೀರೆಯನ್ನು ಬಕೆಟ್ಟಿಗೆ ಹಾಕಿದಳು. ಆ ಹೆಂಗಸಿನ ನೋವು ಅವಳ ಅಂಗೈಗೆ ಚೆನ್ನಾಗಿ ಗೊತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟಳು.

“ಜಾತಿ ಗೀತಿ ನನಗೇನೂ ಇಲ್ಲ ಅಕ್ಕ, ಅವತ್ತೂ ಇರಲಿಲ್ಲ” ಎಂದರು ಶಾಂತಮಲ್ಲಮ್ಮ. “ಜನ ನೋಡ್ತಾರಲ್ಲ, ಅದಕ್ಕೆ. ಅವರು ಅಂಗಡೀಗೆ ಹೋಗವ್ರೆ. ಈ ಹಿಂದ್ಲ ಬಾಗ್ಲಿಂದ ಬಂದು ಹೋಗ್ಬುಡಿ, ಯಾರಿಗೂ ಕಾಣಲ್ಲ.”

ಸುಂದ್ರಮ್ಮನ ಹೆಜ್ಜೆ ಅಲ್ಲೇ ನಿಂತಿತು.

“ಹಿಂದ್ಲ ಬಾಗ್ಲು ನಂಗೇನು ಹೊಸದಲ್ಲ ಶಾಂತಮ್ಮ. ನಾನು ಬಾಳಿದ್ದೇ ಹಿಂದ್ಲ ಬಾಗ್ಲಲ್ಲಿ. ಮುಂದ್ಲ ಬಾಗ್ಲು ಕಾಣಿಸಿದ್ದು ನೀನು. ನೀನೇ ಕೈ ಹಿಡಿದು ಎಳ್ಕಂಡೆ.”

ಹೆಸರು ಹಿಡಿದು, ನೀನು ಎಂದು ಅವಳು ಕರೆದದ್ದು ಅದೇ ಮೊದಲು.

“ಎಣ್ಣೆ ನಾನೇ ತತ್ತೀನಿ. ದಿನಾ ಬಂದು ತಿಕ್ತೀನಿ, ಬ್ಯಾಡ ಅನ್ನಲ್ಲ. ಹಗಲೊತ್ತಲ್ಲಿ, ಬೀದಿ ಕಡೆ ಬಾಗ್ಲು ತೆಗೆದು ಕರಿ. ಹಿಂದ್ಲಿಂದ ಬರಲ್ಲ.”

“ಹಂಗೆ ಕರೆಯಕ್ಕೆ... ನನ್ನ ಕೈಲಿ ಹೆಂಗೆ ಆಗುತ್ತೆ ಅಕ್ಕ?”

“ನನ್ ಕೈಲೂ ಆಯ್ತಿರಲಿಲ್ಲ ಕಣವ್ವ, ಕುರ್ಚಿ ಮೇಲೆ ಕೂರಕ್ಕೆ. ಕೂತ ಮ್ಯಾಲೆ ಆಯ್ತು.”

ಶಾಂತಮಲ್ಲಮ್ಮ ಕರೆಯಲಿಲ್ಲ. ಗೋಡೆ ಬಿಟ್ಟು ಹೋಗಲೂ ಇಲ್ಲ. ಬೀದಿ ನಲ್ಲಿಗೆ ನೀರು ಬಂದ ಸದ್ದು ಕೇಳಿ, ಸುಂದ್ರಮ್ಮ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಬಿಂದಿಗೆ ಎತ್ತಿಕೊಂಡು ನಡೆದಳು. ಬೀದಿಯಲ್ಲಿ ಅಷ್ಟು ಹೊತ್ತಿಗೆ ಇಬ್ಬರೇ ಬಂದಿದ್ದರು. ಅವಳು ಮೂರನೆಯವಳಾಗಿ ಬಿಂದಿಗೆ ಇಟ್ಟಳು. ಮುಂದಿನ ಎರಡೂ ಬಿಂದಿಗೆ ತುಂಬಿ, ಅವಳದನ್ನು ಇಡಬೇಕು ಎನ್ನುವಾಗ ಹಿಂದಿನಿಂದ ಒಂದು ಕೈ ಬಂದು, ಎಂದಿನ ಹಾಗೆ, ಅದನ್ನು ಆಚೆ ತಳ್ಳಿತು.

ಸುಂದ್ರಮ್ಮ ಆ ಕೈಯನ್ನು ಹಿಡಿದು ಮೆಲ್ಲಗೆ ಪಕ್ಕಕ್ಕಿಟ್ಟಳು.

“ಸರ್ಕೊ ತಾಯಿ. ಇದು ನನ್ ಪಾಳಿ” ಎಂದು ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟು, ಅದು ತುಂಬುವವರೆಗೂ ಅದರ ಕಂಠದ ಮೇಲೆ ಕೈಯಿಟ್ಟು ನಿಂತಳು.